ಮದೀನೆಯಲ್ಲಿ ಅಮ್ಮಿ ನೀರು ಕುಡಿಯಲಿಲ್ಲ

ರಾಮಗಿರಿ ಸ್ಟೇಷನ್

ಮದೀನಾ, ಮಕ್ಕಾಗಳಿಗೆ ನಮ್ಮ ಉಮ್ರಾ ಯಾತ್ರೆ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಶುರುವಾಯಿತು ಎಂದು ಪಾಸ್‌ಪೋರ್ಟಿನ ಮುದ್ರೆ ಹೇಳುತ್ತದೆ. ನನ್ನ ತಾಯಿಯನ್ನು ಕೇಳಿದರೆ, ಅದು ಶುರುವಾಗಿದ್ದು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ರೈಲು ಸ್ಟೇಷನ್ನಿನಲ್ಲಿ, ಅವಳಿನ್ನೂ ಲಂಗ ಹಾಕಿಕೊಂಡು ಓಡಾಡುವ ಹುಡುಗಿಯಾಗಿದ್ದಾಗ.

ಅವಳ ಅಜ್ಜಿ, ಮನೆಯವರೆಲ್ಲ ದಾದಿ ಎನ್ನುತ್ತಿದ್ದ ಹೆಂಗಸು, ಹಜ್ಜಿಗೆ ಹೊರಟಿದ್ದರು. ಆ ಕಾಲದಲ್ಲಿ ರೈಲಿನಲ್ಲಿ ಬೊಂಬಾಯಿ, ಅಲ್ಲಿಂದ ಮುಂದೆ ಹಡಗು. ಕಳಿಸಿಕೊಡಲು ಎತ್ತಿನ ಗಾಡಿಗಳಲ್ಲಿ ಕೇರಿಗೆ ಕೇರಿಯೇ ಬಂದಿತ್ತಂತೆ. ಪಕ್ಕದ ಮನೆಯ ಗೌಡರ ಹೆಂಗಸರು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟು, ನಮಗೂ ಒಂದು ಮಾತು ಬೇಡಿಕೊಂಡು ಬರ್ರಿ ಎಂದಿದ್ದರಂತೆ. ದಾದಿ ಹೋದರು, ಬರಲಿಲ್ಲ. ಮದೀನೆಯಲ್ಲಿ ಹೊಟ್ಟೆ ನಡೆದು ನಡೆದು ತೀರಿಕೊಂಡರೆಂದೂ, ಅಲ್ಲಿನ ದೊಡ್ಡ ಮಸೀದಿಯ ಪಕ್ಕದ ಬಕೀ ಎಂಬ ಖಬರಸ್ತಾನದಲ್ಲಿ ಮಣ್ಣಾದರೆಂದೂ ಜೊತೆಗೆ ಹೋದವರು ತಿಂಗಳುಗಟ್ಟಲೆ ಕಳೆದ ಮೇಲೆ ಬಂದು ಹೇಳಿದರು.

ಬಕೀದಲ್ಲಿ ಮಣ್ಣಾಗುವುದು ನಮ್ಮ ಜನರ ಪಾಲಿಗೆ ಬೇಡಿದರೂ ಸಿಗದ ಭಾಗ್ಯ. ಮನೆಯವರು ಅಳುತ್ತಲೇ ಹೆಮ್ಮೆ ಪಟ್ಟರು. ಅಮ್ಮಿ ಅಂದಿನಿಂದ ಮದೀನಾ ಎನ್ನುವ ಶಬ್ದ ಕಿವಿಗೆ ಬಿದ್ದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ನನ್ನ ಕೈಹಿಡಿದು ವಿಮಾನ ಹತ್ತುವಾಗ ಅವಳಿಗೆ ಎಪ್ಪತ್ತರ ಆಸುಪಾಸು, ಮಂಡಿನೋವು, ಬಿಪಿ. ಕಿಟಕಿ ಪಕ್ಕ ಕೂತವಳು ಕೆಳಗೆ ನೋಡುತ್ತ ಕೇಳಿದ್ದು ಒಂದೇ ಮಾತು: "ರಾಮಗಿರಿ ಗುಡ್ಡ ಇಲ್ಲಿಂದ ಕಾಣ್ತೈತೇನಪ್ಪ?"

ನಾನು ರಫೀಕ್. ಚಿತ್ರದುರ್ಗದಲ್ಲಿ ಬೋರ್‌ವೆಲ್ ಮೋಟಾರುಗಳ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಸುಟ್ಟ ತಂತಿ ಬಿಚ್ಚಿ ಹೊಸ ತಂತಿ ಸುತ್ತುವವನಿಗೆ ಪ್ರವಾಸದ ಕಥೆ ಬರೆಯುವ ಉಸಾಬರಿ ಯಾಕೆ ಎಂದರೆ, ಈ ಕಥೆ ಅಮ್ಮಿ ಬರೆಯುವುದಿಲ್ಲ, ಅದಕ್ಕೆ.

ಮದೀನಾ, ಕೊಟ್ಟಿದ್ದು ಬೇಡ ಅನ್ನಬಾರದು

ಮದೀನೆಯಲ್ಲಿ ನನಗೆ ಮೊದಲು ಕಂಡಿದ್ದು ಮಿನಾರುಗಳಲ್ಲ, ಕೊಡುವ ಕೈಗಳು. ಮಸೀದಿಯ ಅಂಗಳಕ್ಕೆ ಕಾಲಿಟ್ಟರೆ ಯಾರೋ ಖರ್ಜೂರ ಹಿಡಿಸುತ್ತಾರೆ, ಯಾರೋ ಸಣ್ಣ ಲೋಟದಲ್ಲಿ ಏಲಕ್ಕಿ ವಾಸನೆಯ ಕಾಫಿ ಬಗ್ಗಿಸುತ್ತಾರೆ. ನಮ್ಮೂರಲ್ಲಿ ಗುರುತಿಲ್ಲದವರು ತಿನ್ನಲು ಕೊಟ್ಟರೆ ಎರಡು ಸಲ ಯೋಚಿಸುತ್ತೇವೆ. ಅಲ್ಲಿ ಬೇಡ ಎಂದರೆ ಕೊಟ್ಟವರ ಮುಖ ಬಾಡುತ್ತದೆ.

ಅಮ್ಮಿ ಯಾರ ಮುಖವನ್ನೂ ಬಾಡಿಸಲಿಲ್ಲ. ತುರ್ಕಿಯ ಹೆಂಗಸು ಕೊಟ್ಟ ಮಿಠಾಯಿ, ಇಂಡೋನೇಷ್ಯಾದ ಹುಡುಗಿ ಕೊಟ್ಟ ಬಿಸ್ಕತ್ತು, ಬಾಯಿ ತುಂಬ ಚಿನ್ನದ ಹಲ್ಲಿದ್ದ ಉಜ್ಬೇಕ್ ಅಜ್ಜಿ ಮುರಿದುಕೊಟ್ಟ ರೊಟ್ಟಿ, ಎಲ್ಲ ಅವಳ ಹೊಟ್ಟೆಗೆ ಹೋಯಿತು. ಅಮ್ಮಿಯೂ ಆ ಉಜ್ಬೇಕ್ ಅಜ್ಜಿಯೂ ತಮ್ಮ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಹರಟಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಒಂದಕ್ಷರ ತಿಳಿಯಲಿಲ್ಲ, ಬೇಸರವೂ ಆಗಲಿಲ್ಲ.

ಊರ ಹೊರಗಿನ ಉಹುದ್ ಬೆಟ್ಟ ನೋಡಲು ಹೋದಾಗ, ಕೆಂಪಗೆ ಬೆಂದಂತಿದ್ದ ಆ ಬೆಟ್ಟವನ್ನು ಅಮ್ಮಿ ಕೈ ಅಡ್ಡ ಹಿಡಿದು ನೋಡಿದಳು. "ನಮ್ ದುರ್ಗದ ಬಂಡೆಯಾದ್ರೆ ಸಂಜೆಗೆ ತಣ್ಣಗಾಗ್ತೈತೆ. ಇದು ಯಾವಾಗ ತಣ್ಣಗಾಗ್ತೈತೋ" ಎಂದಳು. ಅಲ್ಲೊಬ್ಬ ಮುದುಕ ಕೈಗಾಡಿಯಲ್ಲಿ ಹೆಚ್ಚಿಟ್ಟ ಕಲ್ಲಂಗಡಿ ಹಂಚುತ್ತಿದ್ದ. ಬಿಸಿಲು ನೆತ್ತಿಯ ಮೇಲಿತ್ತು, ನೊಣಗಳೂ ಇದ್ದವು. ನಾನು ಬೇಡ ಎಂದು ಕಣ್ಸನ್ನೆ ಮಾಡಿದೆ. "ಮದೀನೆಯೋರು ಕೊಟ್ಟಿದ್ದು ಬೇಡ ಅಂದ್ರೆ ಪಾಪ ಕಣಪ್ಪ" ಎಂದು ಅಮ್ಮಿ ನನ್ನ ಪಾಲಿನದನ್ನೂ ತಿಂದಳು. ಆಮೇಲೆ ಆದದ್ದಕ್ಕೆ ಅದೇ ಕಾರಣವೋ, ಬೇರೆ ಏನೋ, ದೇವರಿಗೇ ಗೊತ್ತು.

ಮಸೀದಿಯೊಳಗೆ ಕಂಬಗಳ ಬುಡದಲ್ಲಿ ಮಕ್ಕಾದಿಂದ ತಂದ ಜಮ್‌ಜಮ್ ನೀರಿನ ಡ್ರಮ್ಮುಗಳನ್ನು ಇಟ್ಟಿರುತ್ತಾರೆ. ಆ ನೀರನ್ನು ಏನು ಬೇಡಿಕೊಂಡು ಕುಡಿಯುತ್ತೀರೋ ಅದು ನೆರವೇರುತ್ತದೆ ಎಂದು ನಮ್ಮ ಗುಂಪಿನ ಮುಖಂಡರಾದ ಹಾಫಿಜ್ ಸಾಬ್ ಮೊದಲ ದಿನವೇ ಹೇಳಿದ್ದರು. ಹೆಂಗಸರ ಬಾಗಿಲಿನಿಂದ ಹೊರಬರುವಾಗ ಅಮ್ಮಿಯ ಕೈಯಲ್ಲಿ ಆ ನೀರಿನ ಪುಟ್ಟ ಲೋಟ ಇರುತ್ತಿತ್ತು. ಕಣ್ಣುಮುಚ್ಚಿ, ತುಟಿ ಅಲುಗಿಸಿ, ಮೂರೇ ಗುಟುಕು ಕುಡಿದು ಉಳಿದದ್ದನ್ನು ನನಗೆ ಕೊಡುತ್ತಿದ್ದಳು.

"ಏನ್ ಬೇಡ್ಕಂಡೆ ಅಮ್ಮಿ?"

"ಹೇಳ್ಬಾರದು. ಹೇಳಿದ್ರೆ ಆಗಲ್ಲ."

ಬಕೀ ಗೋಡೆ

ಬಕೀ ಒಳಗೆ ಹೆಂಗಸರನ್ನು ಬಿಡುವುದಿಲ್ಲ. ಅಷ್ಟು ದೂರದಿಂದ, ಅಷ್ಟು ವರ್ಷದಿಂದ ಬಂದ ಅಮ್ಮಿ ಗೋಡೆಯ ಹೊರಗೆ ಅಮೃತಶಿಲೆಯ ಮೇಲೆ ಕೂತಳು. ಬೆಳಗಿನ ನಮಾಜು ಮುಗಿಸಿ ಗಂಡಸರ ಜೊತೆ ನಾನು ಒಳಗೆ ಹೋದೆ.

ಒಳಗೆ ಹೆಸರಿಲ್ಲ, ಗೋರಿ ಕಟ್ಟಡವಿಲ್ಲ. ಹರವಿದ ಮಣ್ಣು, ಅಲ್ಲಲ್ಲಿ ತಲೆಯ ಗುರುತಿಗೆ ನೆಟ್ಟ ಕಾಡುಗಲ್ಲು. ನಮ್ಮ ಚಂದ್ರವಳ್ಳಿಯಲ್ಲಿ ಎಂದೋ ಬದುಕಿದ್ದವರ ಗುಹೆಗೂ ಬೋರ್ಡು ಹಾಕಿದ್ದಾರೆ. ಇಲ್ಲಿ ರಾಜನಿಗೂ ಹೊಳಲ್ಕೆರೆಯ ಮುದುಕಿಗೂ ಒಂದೇ ಕಲ್ಲು. ಅದು ದೊಡ್ಡ ವಿಚಾರವೇ ಇರಬಹುದು. ಆದರೆ ಹುಡುಕಿಕೊಂಡು ಬಂದವನಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ನಾನು ಸುಮ್ಮನೆ ಒಂದು ಕಡೆ ನಿಂತು ಕೈಯೆತ್ತಿ ಬಂದೆ.

"ದಾದಿ ಎಲ್ಲವ್ರೆ?" ಎಂದಳು ಅಮ್ಮಿ.

"ಗೊತ್ತಾಗಲ್ಲಮ್ಮಿ. ಬರೀ ಕಲ್ಲು ಅವೆ. ಹೆಸರಿಲ್ಲ."

"ಸಲಾಂ ಹೇಳ್ದೇನು?"

"ಎಲ್ರಿಗೂ ಸೇರ್ಸಿ ಹೇಳ್ದೆ."

"ಒಳ್ಳೇದಾತು. ಕೇಳ್ಸಿರ್ತೈತೆ."

ಅಷ್ಟರಲ್ಲಿ ಮಸೀದಿಯ ಕಡೆಯಿಂದ ಒಂದು ಹೆಣವನ್ನು ಹೆಗಲ ಮೇಲೆ ಹೊತ್ತು ಜನ ಓಡುವ ಹಾಗೆ ಬಂದರು. ಅಲ್ಲಿ ಸುಮಾರಾಗಿ ಪ್ರತಿ ನಮಾಜಿನ ನಂತರವೂ ಒಂದಲ್ಲ ಒಂದು ಹೆಣ ಬಕೀಗೆ ಹೋಗುತ್ತದೆ. ಅಮ್ಮಿ ಸೆರಗು ಸರಿಮಾಡಿಕೊಂಡು ಅದನ್ನೇ ನೋಡಿದಳು. "ಪುಣ್ಯವಂತ್ರು. ಎಲ್ಲಿಂದ್ಲೋ ಬಂದು ಇಲ್ಲೇ ಉಳ್ಕಂಡ್ರು" ಎಂದಳು. ಅವಳ ದನಿಯಲ್ಲಿ ದುಃಖವಿರಲಿಲ್ಲ, ಆಸೆ ಇತ್ತು. ಲೋಟ ಹಿಡಿದು ಅವಳು ಬೇಡುತ್ತಿದ್ದದ್ದು ಇದೇ ಇರಬಹುದೇ ಎಂದು ನನಗೆ ಭಯವಾಯಿತು.

ಎದ್ದು ನಿಲ್ಲುವಾಗ ಅವಳು ಗೋಡೆ ಹಿಡಿದುಕೊಂಡಳು. ಮಂಡಿನೋವು ಎಂದಳು, ನಾನು ನಂಬಿದೆ. ಮೊಸರು ಕಡೆದು ಮಾಡಿದ ಲಬನ್ ಎಂಬ ಮಜ್ಜಿಗೆ ತಂದುಕೊಟ್ಟರೆ, ಆಮೇಲೆ ಎಂದು ಚೀಲಕ್ಕೆ ಹಾಕಿಕೊಂಡಳು.

ಊಟದ ಹಾಲ್

ಮಕ್ಕಾಕ್ಕೆ ಬಸ್ಸು ಹೊರಡುವ ದಿನ. ನಮ್ಮ ಗುಂಪಿನಲ್ಲಿ ಹೆಚ್ಚಿನವರು ಹೈದರಾಬಾದು, ಕರ್ನೂಲಿನ ಕಡೆಯವರು. ನಮ್ಮ ಮನೆಮಾತು ಉರ್ದುವೇ ಆದರೂ ಅಲ್ಲಿ ಎಲ್ಲರದೂ ಉರ್ದು, ಹಾಗಾಗಿ ಗುಟ್ಟಿನ ಮಾತೆಲ್ಲ ಕನ್ನಡಕ್ಕೆ ಬಂದಿತ್ತು. ಆ ಗುಟ್ಟಿಗೆ ಮೂರನೆಯ ಪಾಲುದಾರರು ಅಮ್ಮಿಯ ಕೋಣೆಯಲ್ಲೇ ಇದ್ದ ಖುರ್ಷಿದ್ ಖಾಲಾ, ಅಂದರೆ ಖುರ್ಷಿದ್ ಚಿಕ್ಕಮ್ಮ. ಹೊಸದುರ್ಗದವರು, ಸಂತೆಗಳಲ್ಲಿ ಬಳೆ ಇಟ್ಟು ಮಾರುವವರು. ನಾನು ಗಂಡಸರ ಕೋಣೆಯಲ್ಲಿ ಬೇರೆ ಮಹಡಿಯಲ್ಲಿದ್ದೆ.

ನಾನು ಅನ್ನದ ತಟ್ಟೆಯ ಮುಂದೆ ಕೂತು ಮುದ್ದೆ, ಕಾಳಿನ ಸಾರು ನೆನೆಸಿಕೊಳ್ಳುತ್ತಿದ್ದಾಗ ಖಾಲಾ ಬಂದು ಪಕ್ಕದಲ್ಲಿ ನಿಂತರು.

"ಇತ್ಲಾಗೆ ಬಾರಪ್ಪ, ಒಂದ್ ಮಾತೈತೆ. ನಿಮ್ಮಮ್ಮಿಗೆ ಆ ಬೆಟ್ಟಕ್ಕೆ ಹೋಗಿಬಂದಾಗ್ಲಿಂದ ಹೊಟ್ಟೆ ನಡೀತೈತೆ. ನಿಂಗೆ ಹೇಳ್ಬೇಡ ಅಂತ ನನ್ ಕೈಲಿ ಆಣೆ ಹಾಕಿಸ್ಕಂಡಿದ್ಲು."

"ಇಷ್ಟು ದಿನದಿಂದ್ಲಾ? ಮತ್ತೆ ಏನ್ ಕೊಟ್ರಿ ಖಾಲಾ?"

"ಮೊದ್ಲು ನಾನೂ ಒಣಗ್ಲಿ ಬಿಡು ಅಂದೆ. ನಮ್ ಕಡೆ ಹಂಗೇ ಅಲ್ವಾ, ಒಂದೊತ್ತು ಹೊಟ್ಟೆ ಒಣಗ್ಸಿ ಕರಿ ಟೀಗೆ ನಿಂಬೆಹುಳಿ ಹಿಂಡಿ ಕುಡೀತೀವಿ. ಇವಳು ಅದೂ ಮುಟ್ಟಲಿಲ್ಲ. ನೀರು ಕುಡಿದ್ರೆ ಹೊಟ್ಟೆ ನಡೀತೈತೆ, ಹೊಟ್ಟೆ ನಡೆದ್ರೆ ವಜೂ ಹೋಗ್ತೈತೆ, ವಜೂ ಹೋದ್ರೆ ಸಾಲು ಬಿಟ್ಟು ಎದ್ದು ಬರಬೇಕು ಅಂತಾಳೆ. ನಿನ್ನೆಯಿಂದ ಮೈ ಬೇರೆ ಕಾಯ್ತಾ ಐತೆ. ಬೆಳಿಗ್ಗೆಯಿಂದ ಒಂದಕ್ಕೂ ಹೋಗಿಲ್ಲ. ನನಗ್ಯಾಕೋ ಸರಿ ಕಾಣ್ತಿಲ್ಲಪ್ಪ. ಆಣೆ ಮುರಿದ ಪಾಪ ನನಗಿರ್ಲಿ."

ನಮಾಜಿಗೆ ಮೊದಲು ಕೈಕಾಲು ಮುಖ ತೊಳೆದು ಶುದ್ಧವಾಗುವುದೇ ವಜೂ. ಹೊಟ್ಟೆ ಸಡಿಲವಾದರೆ ಅದು ಮುರಿಯಿತು, ಮತ್ತೆ ತೊಳೆದುಕೊಳ್ಳಬೇಕು. ಆ ಮಸೀದಿಯ ಜನಸಾಗರದಲ್ಲಿ ಸಾಲು ಬಿಟ್ಟು ಎದ್ದು ಬಂದರೆ ಮತ್ತೆ ಒಳಗೆ ಜಾಗ ಸಿಗುವುದು ಕಷ್ಟ. ಬದುಕಿಡೀ ಕಾದು ಸಿಕ್ಕ ಜಾಗ ಬಿಟ್ಟುಕೊಡಬಾರದೆಂದು ಅಮ್ಮಿ ನೀರನ್ನೇ ಬಿಟ್ಟಿದ್ದಳು. ಬಾವಿಯಲ್ಲಿ ನೀರು ತಳ ಕಂಡರೂ ಓಡುತ್ತಲೇ ಇರುವ ಮೋಟಾರು ಹೊರಗೆ ಸದ್ದು ಬದಲಿಸುವುದಿಲ್ಲ, ಒಳಗೆ ಸುಡುತ್ತಿರುತ್ತದೆ. ಅಂಥ ಮೋಟಾರುಗಳನ್ನು ಬಿಚ್ಚಿ ಬಿಚ್ಚಿ ನನ್ನ ಕೈ ಕಪ್ಪಾಗಿದೆ. ಅಮ್ಮಿಯ ವಿಷಯದಲ್ಲಿ ಅದು ಹೊಳೆದಿರಲಿಲ್ಲ.

ಕೋಣೆಗೆ ಓಡಿದೆ. ಅಮ್ಮಿ ಬಿಳಿ ಬಟ್ಟೆ ಉಟ್ಟು, ಚೀಲ ಕಟ್ಟಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಳು. ತುಟಿ ಸಿಪ್ಪೆ ಎದ್ದಿತ್ತು, ಕಣ್ಣು ಒಳಕ್ಕೆ ಹೋಗಿತ್ತು. ನನ್ನನ್ನು ನೋಡಿ ಸಣ್ಣ ಹುಡುಗಿಯ ಹಾಗೆ ಕೇಳಿದಳು:

"ರೈಲು ಬಂತಾ?"

"ಯಾವ ರೈಲು ಅಮ್ಮಿ?"

"ರಾಮಗಿರೀದು. ದಾದಿ ಹತ್ತಿದ್ಲಾ?"

ಅವಳನ್ನು ಎಬ್ಬಿಸಿ, ಖಾಲಾ ಒಂದು ಕಡೆ ನಾನೊಂದು ಕಡೆ ಹಿಡಿದು ಲಿಫ್ಟಿಗೆ ತಂದೆವು. ಕೆಳಗೆ ಬಸ್ಸು ನಿಂತಿತ್ತು. ಅಮ್ಮಿ ಅದರ ಕಡೆಗೇ ಕಾಲು ಎಳೆಯುತ್ತಿದ್ದಳು. ಹಾಫಿಜ್ ಸಾಬ್ ಅವಳ ಮುಖ ನೋಡಿದವರೇ ಟ್ಯಾಕ್ಸಿ ಕೂಗಿದರು. ಬಸ್ಸು ನಿಲ್ಲಿಸಿಕೊಳ್ಳುವುದು ತಮ್ಮ ಕೈಯಲ್ಲಿಲ್ಲ ಎಂದು ನೊಂದುಕೊಂಡರು. "ಹೊಟ್ಟೆ ನಿಲ್ಲದವರಿಗೆ ಧರ್ಮದಲ್ಲೇ ರಿಯಾಯಿತಿ ಇದೆ, ಒಂದು ನಮಾಜಿನ ಹೊತ್ತಿಗೆ ಒಂದು ವಜೂ ಸಾಕು. ನನ್ನನ್ನೊಂದು ಮಾತು ಕೇಳಬಾರದಿತ್ತೇ?" ಎಂದರು. ಹೊಟ್ಟೆಯ ಸುದ್ದಿಯನ್ನು ಹೆತ್ತ ಮಗನಿಗೇ ಹೇಳದವಳು ಹಾಫಿಜ್ ಸಾಬರ ಹತ್ತಿರ ಹೇಗೆ ಕೇಳಿಯಾಳು?

ಆಸ್ಪತ್ರೆ

ಡಾಕ್ಟರಮ್ಮ ಪಾಕಿಸ್ತಾನದ ಕಡೆಯವರು. ನಮ್ಮ ದುರ್ಗದ ಉರ್ದು ಕೇಳಿ, ಬೇಡ ಎನ್ನುವುದಕ್ಕೆ ಅಮ್ಮಿ 'ನಕ್ಕೋ' ಎಂದಾಗ, ಅಂಥ ಹೊತ್ತಿನಲ್ಲೂ ಅವರ ತುಟಿಯಂಚಿನಲ್ಲಿ ನಗು ಬಂತು. ಆಮೇಲೆ ನಗಲಿಲ್ಲ. ಅಮ್ಮಿಯ ತೋಳಿನ ಚರ್ಮ ಚಿವುಟಿ ಬಿಟ್ಟರು. ಮೈಯಲ್ಲಿ ನೀರಿಲ್ಲದೆ ಚಿವುಟಿದ ಮಡಿಕೆ ಹಾಗೇ ನಿಂತಿತ್ತು. ನನ್ನನ್ನು ಪರದೆಯ ಆಚೆ ಕಳಿಸಿ ತಗ್ಗಿದ ದನಿಯಲ್ಲಿ ಏನೇನೋ ಕೇಳಿದರು. ರಕ್ತವೂ ಹೋಗಿತ್ತು ಎಂದು ನನಗೆ ತಿಳಿದದ್ದು ಆಗ.

ಸೂಜಿ ಚುಚ್ಚಿ ಬಾಟಲಿ ಏರಿಸಿದ ಮೇಲೆ ಹೊರಗೆ ಬಂದು ನನ್ನನ್ನು ಕೂರಿಸಿದರು.

"ಊರು ಬಿಟ್ಟು ಬಂದವರಿಗೆ ಹೊಟ್ಟೆ ಕೆಡುವುದು ಸಹಜ. ಬಹಳ ಜನಕ್ಕೆ ತಾನಾಗಿ ನಿಲ್ಲುತ್ತದೆ, ನೀರು ಮತ್ತು ಉಪ್ಪುಸಕ್ಕರೆ ಹೋದಷ್ಟೂ ಒಳಗೆ ಹಾಕುತ್ತಿದ್ದರೆ ಸಾಕು. ಆದರೆ ರಕ್ತ ಕಂಡರೆ ಕಾಯಬಾರದು. ಜ್ವರ ಏರಿದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮೂತ್ರ ನಿಂತರೆ, ಎದ್ದರೆ ತಲೆ ಸುತ್ತಿದರೆ, ಮಾತು ದಿಕ್ಕು ತಪ್ಪಿದರೆ ಆ ಗಳಿಗೆಯೇ ಬರಬೇಕು. ಇದೇನೂ ಇಲ್ಲದಿದ್ದರೂ ಎರಡು ಮೂರು ದಿನಕ್ಕೆ ನಿಲ್ಲದಿದ್ದರೆ ಬರಬೇಕು. ಈ ವಯಸ್ಸಿನವರು, ಬಿಪಿ ಸಕ್ಕರೆ ಕಾಯಿಲೆಯವರು ಅಷ್ಟೂ ಕಾಯಬಾರದು. ನಿಮ್ಮ ತಾಯಿ ಎಲ್ಲ ಬಿಟ್ಟರೂ ಬಿಪಿ ಮಾತ್ರೆ ಬಿಟ್ಟಿಲ್ಲ. ಆ ಮಾತ್ರೆ ಮೈಯ ನೀರನ್ನು ಇನ್ನಷ್ಟು ಹೊರಗೆ ಹಾಕುವಂಥದ್ದು. ನಾಳೆಯವರೆಗೆ ಬಿಟ್ಟಿದ್ದರೆ ನಾನು ನಿಮ್ಮ ಜೊತೆ ಬೇರೆ ಮಾತಾಡಬೇಕಾಗುತ್ತಿತ್ತು."

ಭೇದಿ ನಿಲ್ಲಿಸುವ ಮಾತ್ರೆ ನನ್ನ ಜೇಬಿನಲ್ಲೇ ಇತ್ತು. ಕೊಡಲೇ ಎಂದು ಕೇಳಿದೆ. ಜ್ವರ, ರಕ್ತ ಇರುವಾಗ ಅದನ್ನು ಕೊಡಲೇಬೇಡಿ ಎಂದರು. ನನ್ನ ಹೆಂಡತಿ ಊರಿನಿಂದ ಕಟ್ಟಿಕೊಟ್ಟ ಓಆರ್‌ಎಸ್ ಪೊಟ್ಟಣಗಳು ಉಪ್ಪಿನಕಾಯಿ ಡಬ್ಬಿಯ ಕೆಳಗೆ ಮುಟ್ಟದೆ ಬಿದ್ದಿದ್ದವು. ಅದನ್ನು ಕೊಡಿ, ಚಮಚದಲ್ಲಿ, ಬಿಡದೆ, ಎಂದರು.

ಬಾಟಲಿ ಅರ್ಧ ಇಳಿಯುವ ಹೊತ್ತಿಗೆ ಅಮ್ಮಿ ಕಣ್ಣು ಬಿಟ್ಟು ನನ್ನನ್ನು ಸರಿಯಾಗಿ ನೋಡಿದಳು.

"ಬಸ್ಸು ಹೋತಾ?"

"ಹೋತು ಅಮ್ಮಿ."

ಅವಳ ಮುಖ ಸೊಟ್ಟಗಾಯಿತು. ಕಣ್ಣಿನಿಂದ ನೀರು ಇಳಿಯಿತು. ಹೋಟೆಲಿನಿಂದ ತರುವಾಗ ಟ್ಯಾಕ್ಸಿಯಲ್ಲೂ ಬಸ್ಸು ಬಸ್ಸು ಎಂದು ಅತ್ತಿದ್ದಳು, ಆಗ ಒಂದು ಹನಿ ಬಂದಿರಲಿಲ್ಲ. ಅಮ್ಮಿ ಅತ್ತದ್ದಕ್ಕೆ ನಾನು ಸಂತೋಷಪಟ್ಟದ್ದು ಅದೊಂದೇ ಸಲ.

"ನನ್ನನ್ನ ಬಿಡಬೇಕಿತ್ತು ಕಣಪ್ಪ. ದಾದಿ ಪಕ್ಕ ಜಾಗ ಸಿಕ್ತಿತ್ತು" ಎಂದಳು.

ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು. "ಸಿಕ್ತಿತ್ತು. ಒಂದು ಹೆಸರಿಲ್ಲದ ಕಲ್ಲು. ನಾನು ದುರ್ಗದಾಗೆ ಕುಂತು ಯಾವ ಕಲ್ಲಿಗೆ ಸಲಾಂ ಹೇಳ್ಲಿ ಅಮ್ಮಿ? ನಂಗೆ ನೀನು ಬೇಕು."

ನಾನು ಚಮಚ ಹಿಡಿದದ್ದಕ್ಕೆ ಬಾಯಿ ತೆರೆಯುತ್ತಿದ್ದಳು, ಅಷ್ಟೇ. ಆಮೇಲೆ ಸೂರು ನೋಡುತ್ತ ಹೇಳಿದಳು: "ದಾದಿ ಸುದ್ದಿ ಬಂದ್ಮೇಲೂ ನಮ್ಮಪ್ಪ ರಾಮಗಿರಿಗೆ ಹೋಗಿ ಬರೋರು. ಬೊಂಬಾಯಿ ಕಡೆಯಿಂದ ರೈಲು ಬರೋ ಹೊತ್ತಿಗೆ."

"ಏನಕ್ಕೆ?"

"ಏನಕ್ಕೂ ಇಲ್ಲ. ಇಳಿಯೋರ್ನ ನೋಡೋರು, ಬರೋರು. ಊರೋರೆಲ್ಲ ನಿಮ್ಮಮ್ಮ ಪುಣ್ಯವಂತೆ ಅನ್ನೋರು. ಅಪ್ಪ ಹೂಂ ಅನ್ನೋರು. ಮತ್ತೆ ಹೋಗೋರು."

ಈ ಮಾತನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ದಾದಿಯ ಕಥೆ ಹೇಳುವಾಗೆಲ್ಲ ಅಮ್ಮಿ ಬಕೀಗೆ ಬಂದು ನಿಲ್ಲಿಸಿಬಿಡುತ್ತಿದ್ದಳು.

ರೈಲು

ಡಾಕ್ಟರಮ್ಮ ಆಸ್ಪತ್ರೆಯಿಂದ ಕಳಿಸಿಕೊಟ್ಟ ಮೇಲೆ ನಾವಿಬ್ಬರೇ ಮಕ್ಕಾಕ್ಕೆ ಹೋಗಬೇಕಾಯಿತು. ಮದೀನೆಯಿಂದ ಮಕ್ಕಾಕ್ಕೆ ಈಗ ರೈಲಿದೆ. ಹೊಲಿಗೆಯಿಲ್ಲದ ಎರಡು ತುಂಡು ಬಿಳಿಬಟ್ಟೆಯಲ್ಲಿ, ಅಂದರೆ ಇಹ್ರಾಮಿನಲ್ಲಿ, ನಾನು ಎಲ್ಲಿ ಏನು ಜಾರುತ್ತದೋ ಎಂದು ಹೆದರುತ್ತ ಅಮ್ಮಿಯ ಗಾಲಿಕುರ್ಚಿ ತಳ್ಳಿಕೊಂಡು ಪ್ಲಾಟ್‌ಫಾರಂಗೆ ಬಂದೆ. ಉದ್ದ ಮೂಗಿನ ರೈಲು ಸದ್ದೇ ಇಲ್ಲದೆ ಬಂದು ನಿಂತಿತು.

"ರೈಲು ಬಂತು ಅಮ್ಮಿ" ಎಂದೆ.

ಅವಳು ಅದನ್ನು ಮೇಲಿಂದ ಕೆಳಗೆ ನೋಡಿ, "ಹೊಗೇನೇ ಇಲ್ಲ" ಎಂದಳು. ಒಳಗೆ ಹತ್ತಿ ಕೂತ ಮೇಲೆ ಹಿಂದಕ್ಕೆ ತಿರುಗಿ ಖಾಲಿ ಪ್ಲಾಟ್‌ಫಾರಂ ಒಂದು ಸಲ ನೋಡಿದಳು. ಅಲ್ಲಿ ನಮಗೆ ಕೈಬೀಸಲು ಯಾರೂ ಇರಲಿಲ್ಲ.

ಕಿಟಕಿಯಾಚೆ ಮರಳು, ಕರಿಗಲ್ಲು, ಮತ್ತೆ ಮರಳು. "ನಮ್ ಹಿರಿಯೂರು ಕಡೆ ಬಯಲಿದ್ದಂಗೈತೆ. ಜಾಲಿ ಗಿಡ ಒಂದಿಲ್ಲ. ಇಲ್ಲಿ ಕುರಿ ಏನ್ ತಿಂತಾವೆ?" ಎಂದಳು. ನನಗೆ ಆ ಮಾತಿನಲ್ಲಿ ಊರಿನ ಗಾಳಿ ತಾಗಿದಂತಾಗಿ, ಬೇಲಿಯ ಜಾಲಿಯನ್ನೂ ನೆನೆದು ಹಂಬಲಿಸುವ ಹಾಗಾಯಿತು. ಓಆರ್‌ಎಸ್ ಬಾಟಲಿ ಕೊಟ್ಟಾಗ ಉಪ್ಪುಪ್ಪು ಎಂದು ಮುಖ ಕಿವುಚಿ, ನನಗೋಸ್ಕರ ಎನ್ನುವ ಹಾಗೆ ಸ್ವಲ್ಪ ಸ್ವಲ್ಪ ಕುಡಿದಳು.

ಮಕ್ಕಾ

ಮಾರಿಕಣಿವೆ ಡ್ಯಾಮು ಕೋಡಿ ಬಿದ್ದಾಗ ನೋಡಲು ಹೋಗಿ, ಇಷ್ಟು ಜನ ಭೂಮಿಯ ಮೇಲಿದ್ದಾರಾ ಎಂದುಕೊಂಡಿದ್ದೆ. ಮಕ್ಕಾದಲ್ಲಿ ಅದು ಒಂದು ಮೂಲೆಗೂ ಸಾಲುತ್ತಿರಲಿಲ್ಲ. ಕಾಬಾ ಮೊದಲ ಸಲ ಕಣ್ಣಿಗೆ ಬಿದ್ದಾಗ ಅಮ್ಮಿ ಕೈಯೆತ್ತಿದಳು. ನಾನು ಹಿಂದೆ ನಿಂತಿದ್ದರಿಂದ ಮುಖ ಕಾಣಲಿಲ್ಲ. ಖುರ್ಷಿದ್ ಖಾಲಾ ಗುಂಪಿನ ಜೊತೆ ಮೊದಲೇ ಉಮ್ರಾ ಮುಗಿಸಿದ್ದರೂ ನಮಗಾಗಿ ಬಾಗಿಲಲ್ಲಿ ಕಾದಿದ್ದರು. "ಬಂದೇನೇ ತಾಯಿ, ಬಾ ಹೋಗಾಣ" ಎಂದು ಕುರ್ಚಿಯ ಒಂದು ಪಕ್ಕ ಹಿಡಿದುಕೊಂಡರು.

ಕಾಬಾದ ಸುತ್ತ ಏಳು ಸುತ್ತು ಮುಗಿಸಿ, ನಮಾಜು ಮಾಡಿ, ಜಮ್‌ಜಮ್ ಡ್ರಮ್ಮುಗಳ ಹತ್ತಿರ ಬಂದೆವು. ನಾನು ಒಂದು ಲೋಟ ತುಂಬಿ ಅಮ್ಮಿಯ ಕೈಗೆ ಕೊಟ್ಟು, ಅವಳು ಕಣ್ಣು ಮುಚ್ಚುವುದನ್ನು, ತುಟಿ ಅಲುಗಿಸುವುದನ್ನು ಕಾದೆ. ನಿಜ ಹೇಳಬೇಕೆಂದರೆ ಕಾಬಾದ ಎದುರಿಗೂ ನನಗೆ ಅದೊಂದೇ ಹೆದರಿಕೆ, ಇವಳು ಏನು ಬೇಡುತ್ತಾಳೋ ಎಂದು.

ಅಮ್ಮಿ ಕಣ್ಣು ಮುಚ್ಚಲಿಲ್ಲ. ಲೋಟ ಎತ್ತಿ ಗಟಗಟನೆ ಕುಡಿದಳು. ಗದ್ದದಿಂದ ನೀರು ಇಳಿದು ಸೆರಗು ಒದ್ದೆಯಾಯಿತು. ಖಾಲಿ ಲೋಟ ಚಾಚಿದಳು, ಮತ್ತೆ ತುಂಬಿಕೊಟ್ಟೆ. ಅದನ್ನೂ ತಳ ಕಾಣುವವರೆಗೆ ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಏನ್ ಬೇಡ್ಕಂಡೆ ಅಮ್ಮಿ?" ಎಂದೆ.

"ಏನಿಲ್ಲ ಕಣಪ್ಪ. ಬಾಯಾರಿತ್ತು, ಕುಡಿದೆ" ಎಂದಳು. "ಇನ್ನೊಂದು ಲೋಟ ತಾ."

ನಾನು ತರಲು ಹೋದೆ.